ದೂರದೂರಿನ ವಿಶ್ವವಿದ್ಯಾಲಯಕ್ಕೆ ಫೈಬರ್: ವೇಗದ ಬಾಡಿಗೆಯೋ, ಬೆಳಕಿನ ಪಾಲೋ, ಗಾಜಿನ ಎಳೆಯೋ?

ಒಂದು ಲೆಕ್ಕದಿಂದ ಶುರು ಮಾಡೋಣ. ಜೀನೋಮ್ ಓದುವ ಯಂತ್ರವೋ, ದೊಡ್ಡ ಎಲೆಕ್ಟ್ರಾನ್ ಮೈಕ್ರೋಸ್ಕೋಪೋ ಇರುವ ಲ್ಯಾಬಿನಲ್ಲಿ ದಿನಕ್ಕೆ 1 ಟೆರಾಬೈಟ್ ಡೇಟಾ ಬರುವುದು ಈಗ ದೊಡ್ಡ ಸುದ್ದಿಯೇನಲ್ಲ. ಅದನ್ನು ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ಲೈನಿನಲ್ಲಿ ಬೇರೆ ಊರಿನ ಸೂಪರ್‌ಕಂಪ್ಯೂಟರಿಗೆ ಕಳಿಸಲು 22 ಗಂಟೆ ಬೇಕು. 1 ಗಿಗಾಬಿಟ್ ಆದರೆ 2 ಗಂಟೆ 13 ನಿಮಿಷ. 10 ಗಿಗಾಬಿಟ್ ಆದರೆ 13 ನಿಮಿಷ. 100 ಗಿಗಾಬಿಟ್ ಇದ್ದರೆ 80 ಸೆಕೆಂಡ್. ಇದೂ ಲೈನ್ ಪೂರ್ತಿ ಖಾಲಿ ಇದ್ದು, ಒಂದು ಪ್ಯಾಕೆಟ್ಟೂ (ಡೇಟಾವನ್ನು ಒಡೆದು ಕಳಿಸುವ ಸಣ್ಣ ತುಂಡು) ದಾರಿಯಲ್ಲಿ ಕಳೆದುಹೋಗದಿದ್ದರೆ ಮಾತ್ರ. 22 ಗಂಟೆ ಕಾಯುವ ಬದಲು ಹಾರ್ಡ್ ಡಿಸ್ಕನ್ನು ಕೊರಿಯರ್‌ಗೆ ಕೊಡುವವರು ಇವತ್ತಿಗೂ ಇದ್ದಾರೆ. ಅವರನ್ನು ನೋಡಿ ನಗಬೇಡಿ, ಅವರ ಲೆಕ್ಕ ಸರಿಯಾಗಿಯೇ ಇದೆ.

ದೊಡ್ಡ ನಗರದ ವಿಶ್ವವಿದ್ಯಾಲಯಕ್ಕೆ ಈ ತಲೆನೋವು ಕಡಿಮೆ. ಗೇಟಿನ ಮುಂದೆಯೇ ನಾಲ್ಕು ಕಂಪನಿಗಳ ಫೈಬರ್ ಹಾದುಹೋಗಿರುತ್ತದೆ. ನಗರದಿಂದ 200 ಕಿ.ಮೀ. ಆಚೆ ಇರುವ ಕ್ಯಾಂಪಸ್ಸಿಗೆ ಮಾತ್ರ ಒಂದೋ ಎರಡೋ ದಾರಿ, ಒಬ್ಬರೋ ಇಬ್ಬರೋ ಮಾರುವವರು. ಹಾಗಾಗಿ ಆಯ್ಕೆ ತಪ್ಪಿದರೆ ಅದರ ಪೆಟ್ಟು ಹತ್ತು ವರ್ಷ ಇರುತ್ತದೆ.

ಹೆಚ್ಚಿನವರು ಎಡವುವುದು ಒಂದೇ ಕಡೆ. "ಎಷ್ಟು ಗಿಗಾಬಿಟ್, ತಿಂಗಳಿಗೆ ಎಷ್ಟು" ಅಂತ ಕೊಟೇಶನ್ ತರಿಸುತ್ತಾರೆ, ಕಡಿಮೆ ಬರೆದವರಿಗೆ ಸಹಿ ಹಾಕುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಐದು ವರ್ಷ ಬಿಟ್ಟು ವೇಗವನ್ನು ಹತ್ತು ಪಟ್ಟು ಮಾಡಬೇಕು ಅಂದಾಗ ಯಾರ ಬಾಗಿಲು ತಟ್ಟಬೇಕು? ಆಗ ಖರ್ಚು ಯಾವ ಲೆಕ್ಕದಲ್ಲಿ ಏರುತ್ತದೆ? ಕೆಳಗಿನ ಹೋಲಿಕೆಯನ್ನೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದೇನೆ.

ಮೊದಲು ಹೊರೆ ಎಂಥದ್ದು ನೋಡಿ

ಹಾಸ್ಟೆಲ್ಲಿನ ವಿಡಿಯೊ, ಆಫೀಸಿನ ಇಮೇಲ್, ಆನ್‌ಲೈನ್ ಪಾಠ ಎಲ್ಲವೂ ಸಣ್ಣ ಸಣ್ಣ ಹರಿವುಗಳು. ಸಾವಿರ ಸೇರಿದರೂ ಒಟ್ಟು ಸರಾಸರಿ ಹೆಚ್ಚೇನೂ ಏರಿಳಿಯುವುದಿಲ್ಲ. ಸಂಶೋಧನೆಯ ಹೊರೆ ಹಾಗಲ್ಲ. ದಿನವೆಲ್ಲ ಸುಮ್ನೆ ಇದ್ದು, ಸಂಜೆ ಒಬ್ಬರೇ ಒಬ್ಬರು ಬಂದು ಇಡೀ ಪೈಪನ್ನು ಒಂದು ಗಂಟೆ ತುಂಬಿಸುತ್ತಾರೆ. ತಿಂಗಳ ಸರಾಸರಿ ಗ್ರಾಫ್ ನೋಡಿದರೆ "ಶೇಕಡಾ 12 ಕೂಡ ಬಳಕೆ ಇಲ್ಲ, ಯಾಕೆ ಹೆಚ್ಚಿಸಬೇಕು" ಅಂತ ಹಣಕಾಸಿನವರು ಕೇಳುತ್ತಾರೆ. ಆ ಗ್ರಾಫೇ ಸುಳ್ಳು ಹೇಳುತ್ತಿದೆ. ಐದು ನಿಮಿಷದ ಗರಿಷ್ಠ ಬಳಕೆಯ ಗ್ರಾಫ್ ಮುಂದಿಡಿ, ಮಾತು ಬೇರೆಯಾಗುತ್ತದೆ.

ಇನ್ನೊಂದು ವ್ಯತ್ಯಾಸ ಪ್ಯಾಕೆಟ್ ನಷ್ಟದ್ದು. ಅಮೆರಿಕದ ಇಂಧನ ಇಲಾಖೆಯ ಸಂಶೋಧನಾ ಜಾಲ ಇಎಸ್‌ನೆಟ್‌ನಲ್ಲಿ ಹಿಂದೊಮ್ಮೆ ರೂಟರಿನ ಒಂದು ಲೈನ್ ಕಾರ್ಡ್ (ಕೇಬಲ್ ಸಿಕ್ಕಿಸುವ ಫಲಕ) ಹಾಳಾಗುತ್ತಾ ಬಂದಿತ್ತು. ಅದು ಕಳೆದುಹಾಕುತ್ತಿದ್ದದ್ದು 22,000 ಪ್ಯಾಕೆಟ್ಟಿಗೆ ಒಂದನ್ನು. ವೆಬ್‌ಪುಟ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ದೂರದ ಊರಿಗೆ ಹೋಗುವ ದೊಡ್ಡ ಫೈಲಿನ ವೇಗ ಪಾತಾಳಕ್ಕೆ ಇಳಿಯುತ್ತದೆ. ಯಾಕೆಂದರೆ ಡೇಟಾ ಸಾಗಣೆಯ ನಿಯಮಾವಳಿಯಾದ ಟಿಸಿಪಿ ಪ್ರತಿ ನಷ್ಟಕ್ಕೂ ವೇಗ ತಗ್ಗಿಸುತ್ತದೆ, ಮತ್ತೆ ನಿಧಾನಕ್ಕೆ ಏರುತ್ತದೆ. ದೂರ ಜಾಸ್ತಿಯಾದಷ್ಟೂ ಏರುವುದು ನಿಧಾನ. ನಗರದ ಕ್ಯಾಂಪಸ್ಸಿಗೆ ತಾಳಬಹುದಾದ ನಷ್ಟ ದೂರದ ಕ್ಯಾಂಪಸ್ಸಿಗೆ ತಾಳಲಾಗುವುದಿಲ್ಲ.

ಅದಕ್ಕೇ ದೇಶದೇಶಗಳಲ್ಲಿ ಸಂಶೋಧನೆಗೆಂದೇ ಬೇರೆ ಜಾಲಗಳಿವೆ. ಬ್ರಿಟನ್ನಿನಲ್ಲಿ ಜಾನೆಟ್, ಆಸ್ಟ್ರೇಲಿಯಾದಲ್ಲಿ ಆರ್ನೆಟ್, ಕೆನಡಾದಲ್ಲಿ ಕ್ಯಾನರಿ, ನೆದರ್ಲೆಂಡ್ಸಿನಲ್ಲಿ ಸರ್ಫ್, ಅಮೆರಿಕದಲ್ಲಿ ಇಂಟರ್‌ನೆಟ್2, ಭಾರತದಲ್ಲಿ ನ್ಯಾಷನಲ್ ನಾಲೆಡ್ಜ್ ನೆಟ್‌ವರ್ಕ್. ಯುರೋಪಿನ ಇಂಥ ಜಾಲಗಳನ್ನೆಲ್ಲ ಜೋಡಿಸುವುದು ಜಿಯಾಂಟ್. ನಿಮ್ಮ ಕೆಲಸ ಅರ್ಧ ಸುಲಭ: ಪ್ರಪಂಚಕ್ಕೆಲ್ಲ ದಾರಿ ಮಾಡಬೇಕಿಲ್ಲ, ಈ ಜಾಲದ ಹತ್ತಿರದ ನೋಡ್ (ಜಾಲಕ್ಕೆ ಸೇರಿಕೊಳ್ಳುವ ಕೇಂದ್ರ) ತನಕ ಹೋದರೆ ಸಾಕು. ಉಳಿದ ಅರ್ಧ ಕಷ್ಟ, ಏಕೆಂದರೆ ಆ ನೋಡ್ ಸಾಮಾನ್ಯವಾಗಿ ನಗರದಲ್ಲೇ ಇರುತ್ತದೆ.

ಬಾಡಿಗೆ ಬ್ಯಾಂಡ್‌ವಿಡ್ತ್

ಎಲ್ಲಕ್ಕಿಂತ ಸುಲಭದ ದಾರಿ. ಟೆಲಿಕಾಂ ಕಂಪನಿ ನಿಮ್ಮ ಕ್ಯಾಂಪಸ್ಸಿನಲ್ಲಿ ಒಂದು ಪೆಟ್ಟಿಗೆ ಇಡುತ್ತದೆ, ಜಾಲದ ನೋಡಿನಲ್ಲಿ ಇನ್ನೊಂದು. ನಡುವೆ ಏನಿದೆ ಅಂತ ನೀವು ಕೇಳುವುದಿಲ್ಲ, ಅವರು ಹೇಳುವುದೂ ಇಲ್ಲ. 1 ಗಿಗಾಬಿಟ್ ಅಂದರೆ 1 ಗಿಗಾಬಿಟ್, ತಿಂಗಳ ಬಿಲ್ಲು.

ಒಳ್ಳೆಯದು: ಬೇಗ ಸಿಗುತ್ತದೆ, ನಿಮ್ಮಲ್ಲಿ ಫೈಬರ್ ಬಲ್ಲವರು ಯಾರೂ ಇರಬೇಕಿಲ್ಲ, ಕೆಟ್ಟರೆ ಅವರ ಪಾಡು. ಕೆಟ್ಟದ್ದು: ವೇಗ ಏರಿದಂತೆ ಬಿಲ್ಲೂ ಏರುತ್ತದೆ. ದೂರಕ್ಕೆ ಬೇರೆ ದರ, ವೇಗಕ್ಕೆ ಬೇರೆ ದರ ಇರುವ ಕಡೆ ದೂರದ ಕ್ಯಾಂಪಸ್ಸು ಎರಡೂ ಕಡೆಯಿಂದ ಏಟು ತಿನ್ನುತ್ತದೆ. ಜೊತೆಗೆ, ಆ ಪೈಪನ್ನು ಒಳಗೆ ಇತರ ಗಿರಾಕಿಗಳ ಜೊತೆ ಹಂಚಿರಬಹುದು. ಒಪ್ಪಂದದಲ್ಲಿ "ಖಾತರಿ ವೇಗ" ಮತ್ತು "ಗರಿಷ್ಠ ವೇಗ" ಎಂಬ ಎರಡು ಅಂಕೆ ಕಂಡರೆ ಮೊದಲನೆಯದನ್ನು ಮಾತ್ರ ನಂಬಿ.

1 ಗಿಗಾಬಿಟ್ ತನಕದ ಅಗತ್ಯಕ್ಕೆ, ಒಂದೆರಡು ವರ್ಷದ ಮಟ್ಟಿಗೆ, ಇದು ಸಾಕು. ಐದು ವರ್ಷದ ಒಪ್ಪಂದಕ್ಕೆ ಮಾತ್ರ ಕಟ್ಟಿಹಾಕಿಕೊಳ್ಳಬೇಡಿ.

ಒಂದು ಬಣ್ಣದ ಬೆಳಕು

ಒಂದೇ ಗಾಜಿನ ಎಳೆಯಲ್ಲಿ ಹತ್ತಾರು ಬಣ್ಣದ ಬೆಳಕನ್ನು ಒಟ್ಟಿಗೆ ಕಳಿಸಬಹುದು. ಬಣ್ಣ ಅಂದದ್ದು ಸುಮ್ನೆ ಮಾತಿಗೆ, ಇದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, 1550 ನ್ಯಾನೊಮೀಟರ್ ಆಸುಪಾಸಿನದು. 50 ಗಿಗಾಹರ್ಟ್ಸ್ ಅಂತರದಲ್ಲಿ ಜೋಡಿಸಿದರೆ ಒಂದು ಜೋಡಿ ಎಳೆಯಲ್ಲಿ 80ರಿಂದ 96 ಚಾನೆಲ್ ಹಿಡಿಸುತ್ತವೆ. ಇದಕ್ಕೆ ಡಿಡಬ್ಲ್ಯೂಡಿಎಂ ಅಂತಾರೆ. ಈ ಚಾನೆಲ್ಲುಗಳಲ್ಲಿ ಒಂದನ್ನು ಪೂರ್ತಿ ನಿಮಗೇ ಬಾಡಿಗೆ ಕೊಡುವುದು ವೇವ್‌ಲೆಂತ್ ಸೇವೆ.

ಬ್ಯಾಂಡ್‌ವಿಡ್ತ್ ಬಾಡಿಗೆಗಿಂತ ಇದು ಒಂದು ಮೆಟ್ಟಿಲು ಮೇಲೆ. ಪೈಪಿನಲ್ಲಿ ಬೇರೆ ಯಾರೂ ಇಲ್ಲ. ತಡ ಎಷ್ಟು ಅಂತ ಮೊದಲೇ ಲೆಕ್ಕ ಹಾಕಬಹುದು: ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ, ಅಂದರೆ 500 ಕಿ.ಮೀ. ಹೋಗಿ ಬರಲು 5 ಮಿಲಿಸೆಕೆಂಡ್. ಆದರೆ ಡೇಟಾವನ್ನು ಬೆಳಕಾಗಿಸುವ, ಚಾನೆಲ್ಲಿನ ಎರಡೂ ತುದಿಯ ಟ್ರಾನ್ಸ್‌ಪಾಂಡರ್ ಕಂಪನಿಯದ್ದೇ. 10ರಿಂದ 100 ಗಿಗಾಬಿಟ್‌ಗೆ ಹೋಗಬೇಕಾದರೆ ಹೊಸ ಆರ್ಡರ್, ಹೊಸ ಬಾಡಿಗೆ, ಹೊಸ ಮಾತುಕತೆ. ಆ ದಾರಿಯಲ್ಲಿ ಅವರೊಬ್ಬರೇ ಇದ್ದರೆ ಮಾತುಕತೆ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ ಅಲ್ವಾ.

ಬೆಳಕಿನ ಪಾಲು

ಹೆಚ್ಚು ಜನರಿಗೆ ಗೊತ್ತಿಲ್ಲದ, ನನಗೆ ಬಹಳ ಇಷ್ಟವಾದ ದಾರಿ ಇದು. ಫೈಬರ್ ಬೇರೆಯವರದ್ದು, ದಾರಿಯಲ್ಲಿ ಬೆಳಕಿಗೆ ಮತ್ತೆ ಬಲ ತುಂಬುವ ಆಂಪ್ಲಿಫೈಯರ್‌ಗಳೂ ಬೇರೆಯವರದ್ದು. ಆದರೆ ಬೆಳಕಿನ ಪಟ್ಟಿಯಲ್ಲಿ ಒಂದು ಅಗಲ, ಅಂದರೆ ಇಷ್ಟು ಗಿಗಾಹರ್ಟ್ಸಿನಿಂದ ಇಷ್ಟು ಗಿಗಾಹರ್ಟ್ಸ್ ತನಕ, ನಿಮ್ಮದು. ಅದರೊಳಗೆ ಯಾವ ಕಂಪನಿಯ ಟ್ರಾನ್ಸೀವರ್ (ಬೆಳಕು ಕಳಿಸಿ, ಹಿಡಿಯುವ ಸಾಧನ) ಹಾಕುತ್ತೀರಿ, ಎಷ್ಟು ವೇಗ ತೆಗೆಯುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು. ದೊಡ್ಡ ಮನೆಯಲ್ಲಿ ಎರಡು ಕೋಣೆ ಪೂರ್ತಿ ನಿಮಗೇ ಬಿಟ್ಟುಕೊಟ್ಟ ಹಾಗೆ. ಮಾಡು ಸೋರಿದರೆ ಮಾಲೀಕ ನೋಡಿಕೊಳ್ಳುತ್ತಾನೆ, ಕೋಣೆಯೊಳಗೆ ಏನಿಡುತ್ತೀರಿ ಅಂತ ಕೇಳುವುದಿಲ್ಲ.

ಸಂಶೋಧನಾ ಜಾಲಗಳು ಇದನ್ನು ದೊಡ್ಡದಾಗಿ ಮಾಡಿ ತೋರಿಸಿವೆ. ಇಎಸ್‌ನೆಟ್‌ನ ಐದನೇ ತಲೆಮಾರಿನ ಜಾಲ ಇಂಟರ್‌ನೆಟ್2 ಜೊತೆ ಒಂದೇ ಆಪ್ಟಿಕಲ್ ವ್ಯವಸ್ಥೆಯನ್ನು ಹಂಚಿಕೊಂಡಿತ್ತು. ಒಟ್ಟು 88 ಚಾನೆಲ್, ಅದರಲ್ಲಿ ಅರ್ಧ ಇವರಿಗೆ, ಅರ್ಧ ಅವರಿಗೆ. ಒಂದು ಚಾನೆಲ್ಲಿಗೆ 100 ಗಿಗಾಬಿಟ್ ಅಂದರೂ ಒಬ್ಬೊಬ್ಬರ ಪಾಲಿಗೆ 4.4 ಟೆರಾಬಿಟ್. ಯುರೋಪಿನಲ್ಲಿ ಜಿಯಾಂಟ್ 2019ರಲ್ಲಿ ಶುರು ಮಾಡಿದ ಜಾಲ ವಿಸ್ತರಣೆಯಲ್ಲೂ ಆಯಾ ದೇಶದ ಜಾಲಗಳಿಂದ ಸ್ಪೆಕ್ಟ್ರಮ್, ಅಂದರೆ ಬೆಳಕಿನ ಪಟ್ಟಿಯ ಅಗಲ, ಪಡೆದು ಹಂಚಿಕೊಳ್ಳುವುದೇ ಮುಖ್ಯ ಉಪಾಯಗಳಲ್ಲಿ ಒಂದಾಗಿತ್ತು.

ತೊಂದರೆ ಎಲ್ಲಿ ಬರುತ್ತದೆ? ಬೆರಳು ತೋರಿಸುವಲ್ಲಿ. ಸಿಗ್ನಲ್ ಕೆಟ್ಟಾಗ "ನಿಮ್ಮ ಟ್ರಾನ್ಸೀವರ್ ಸರಿಯಿಲ್ಲ" ಅಂತ ಅವರು, "ನಿಮ್ಮ ಆಂಪ್ಲಿಫೈಯರ್ ಸರಿಯಿಲ್ಲ" ಅಂತ ನೀವು. ಇದನ್ನು ತಪ್ಪಿಸಲು ಒಪ್ಪಂದದಲ್ಲೇ ಬರೆಸಿ: ಒಳಗೆ ಬರುವ ಬೆಳಕಿನ ಶಕ್ತಿ ಎಷ್ಟಿರಬೇಕು, ಹೊರಗೆ ಹೋಗುವಾಗ ಸಿಗ್ನಲ್ ಮತ್ತು ಗದ್ದಲದ ಅನುಪಾತ ಎಷ್ಟಿರಬೇಕು, ಆ ಅಂಕೆಗಳನ್ನು ಇಬ್ಬರೂ ಯಾವಾಗ ಬೇಕಾದರೂ ನೋಡುವ ಹಾಗಿರಬೇಕು.

ಗಾಜಿನ ಎಳೆಯೇ ಕೈಗೆ

ಡಾರ್ಕ್ ಫೈಬರ್ ಅಂದರೆ ಬೆಳಕು ಹಾಕದೆ ಖಾಲಿ ಬಿಟ್ಟ ಎಳೆ. ಕೇಬಲ್ ಹೂಳುವಾಗ ಖರ್ಚೆಲ್ಲ ಅಗೆತದ್ದು, ಎಳೆಗಳದ್ದಲ್ಲ. ಅದಕ್ಕೇ ಎಲ್ಲರೂ ಬೇಕಾದ್ದಕ್ಕಿಂತ ಜಾಸ್ತಿ ಎಳೆಗಳ ಕೇಬಲ್ ಹಾಕಿರುತ್ತಾರೆ. ಹಾಗೆ ಮಿಕ್ಕಿದ ಒಂದು ಜೋಡಿಯನ್ನು 15 ಅಥವಾ 20 ವರ್ಷಕ್ಕೆ ಬಳಸುವ ಹಕ್ಕು ಕೊಳ್ಳಬಹುದು. ಈ ಹಕ್ಕಿಗೆ ಐಆರ್‌ಯು ಅನ್ನುತ್ತಾರೆ. ದೊಡ್ಡ ಮೊತ್ತ ಮೊದಲೇ ಕೊಟ್ಟುಬಿಡುವುದು, ಆಮೇಲೆ ವರ್ಷ ವರ್ಷ ನಿರ್ವಹಣೆಗೆ ಸಣ್ಣ ಮೊತ್ತ.

ಇದರ ಬಲ ಏನು ಅಂತ ಅರ್ಥವಾಗಲು ಸ್ವಲ್ಪ ಹಿಂದೆ ನೋಡಿ. 10 ಗಿಗಾಬಿಟ್ ಈಥರ್‌ನೆಟ್ ಮಾನದಂಡ ಬಂದದ್ದು 2002ರಲ್ಲಿ. 100 ಗಿಗಾಬಿಟ್ 2010ರಲ್ಲಿ. 400 ಗಿಗಾಬಿಟ್ 2017ರಲ್ಲಿ. 15 ವರ್ಷಕ್ಕೆ 40 ಪಟ್ಟು. ಈ ಮೂರನ್ನೂ ಒಂದೇ ಮಾಮೂಲಿ ಸಿಂಗಲ್ ಮೋಡ್ ಎಳೆ ಹೊತ್ತಿದೆ. 2002ರಲ್ಲಿ 20 ವರ್ಷಕ್ಕೆ ಎಳೆ ಹಿಡಿದವರು ತುದಿಯ ಪೆಟ್ಟಿಗೆ ಬದಲಿಸುತ್ತಾ ಹೋದರು, ಅಷ್ಟೇ. ವೇಗ ಬಾಡಿಗೆಗೆ ಹಿಡಿದವರು ಪ್ರತಿ ಸಲವೂ ಹೊಸ ದರಕ್ಕೆ ಸಹಿ ಹಾಕಿದರು.

ತುದಿಯ ಪೆಟ್ಟಿಗೆಯೂ ಈಗ ಸಣ್ಣದಾಗಿದೆ. 2020ರಲ್ಲಿ ಅಂತಿಮವಾದ 400ಝಡ್‌ಆರ್ ಎಂಬ ತಾಂತ್ರಿಕ ಮಾನದಂಡದ ಪ್ರಕಾರ, ಕೈಬೆರಳಿನಷ್ಟು ಉದ್ದದ ಟ್ರಾನ್ಸೀವರ್ ನೇರವಾಗಿ ರೂಟರಿಗೆ ಸಿಕ್ಕಿಸಿದರೆ, ಆಂಪ್ಲಿಫೈಯರ್ ಸಹಾಯದಿಂದ ಸುಮಾರು 120 ಕಿ.ಮೀ. ತನಕ 400 ಗಿಗಾಬಿಟ್ ಹೋಗುತ್ತದೆ. ಮೊದಲೆಲ್ಲ ಇದಕ್ಕೆ ಬೀರುವಿನಷ್ಟು ದೊಡ್ಡ ಸಾಧನ ಬೇಕಿತ್ತು. ಡಾರ್ಕ್ ಫೈಬರ್ ಅಂದರೆ ದೊಡ್ಡ ಸಂಸ್ಥೆಗಳ ಆಟ ಅನ್ನುವ ಕಾಲ ಹೋಯಿತು ಅಂತ ನಾನು ಹೇಳುವುದು ಇದಕ್ಕೇ.

ಆದರೆ ಎಳೆ ಕೊಳ್ಳುವುದು ಒಂದು, ಅದರಲ್ಲಿ ಬೆಳಕು ಹರಿಸುವುದು ಇನ್ನೊಂದು. ಅದನ್ನು ಹತ್ತಿರದಿಂದ ನೋಡೋಣ.

180 ಕಿ.ಮೀ. ದಾರಿಯ ಲೆಕ್ಕ

ಕ್ಯಾಂಪಸ್ಸಿನಿಂದ ಜಾಲದ ನೋಡಿಗೆ 180 ಕಿ.ಮೀ. ಅಂದುಕೊಳ್ಳಿ. ರಸ್ತೆಯ ದೂರವಲ್ಲ, ಕೇಬಲ್ಲಿನ ದೂರ. ಕೇಬಲ್ ಯಾವತ್ತೂ ನಕ್ಷೆಯ ಗೆರೆಗಿಂತ ಉದ್ದ: ಬಳಸಿ ಹೋಗುತ್ತದೆ, ಪ್ರತಿ ಜೋಡಣೆಯ ಗುಂಡಿಯಲ್ಲೂ ಸುರುಳಿ ಸುತ್ತಿ ಬಿಟ್ಟಿರುತ್ತಾರೆ.

ಒಳ್ಳೆಯ ಎಳೆಯಲ್ಲಿ ಪ್ರತಿ ಕಿ.ಮೀ.ಗೆ 0.2 ಡೆಸಿಬೆಲ್ (ಬೆಳಕು ಎಷ್ಟು ಕುಗ್ಗಿತು ಅನ್ನುವ ಅಳತೆ) ಬೆಳಕು ಸೋರುತ್ತದೆ. 180 ಕಿ.ಮೀ.ಗೆ 36. ಕೇಬಲ್ ಸುಮಾರು 4 ಕಿ.ಮೀ. ಡ್ರಮ್ಮಿನಲ್ಲಿ ಬಂದಿದ್ದರೆ 45 ಜೋಡಣೆ, ಒಂದೊಂದಕ್ಕೆ 0.05 ಅಂದರೂ 2 ಚಿಲ್ಲರೆ. ಕನೆಕ್ಟರ್‌ಗಳಿಗೆ ಇನ್ನೊಂದು 2. ಮುಂದೆ ಕೇಬಲ್ ತುಂಡಾಗಿ ಮತ್ತೆ ಜೋಡಿಸುವಾಗಿನ ನಷ್ಟಕ್ಕೆ 3 ಎತ್ತಿಡಿ. ಒಟ್ಟು 43 ಡೆಸಿಬೆಲ್. ಅಂದರೆ ಹೊರಟ ಬೆಳಕಿನಲ್ಲಿ 20,000ಕ್ಕೆ ಒಂದು ಪಾಲು ಮಾತ್ರ ತಲುಪುತ್ತದೆ. ಇಷ್ಟರಲ್ಲಿ 10 ಗಿಗಾಬಿಟ್‌ನ 80 ಕಿ.ಮೀ. ಟ್ರಾನ್ಸೀವರೂ ಕೆಲಸ ಮಾಡುವುದಿಲ್ಲ, 400ಝಡ್‌ಆರ್ ಅಂತೂ ಇಲ್ಲವೇ ಇಲ್ಲ.

ಹಾಗಾಗಿ ನಡುವೆ, 90 ಕಿ.ಮೀ. ಹತ್ತಿರ, ಒಂದು ಆಂಪ್ಲಿಫೈಯರ್ ಬೇಕು. ಅಂದರೆ ಒಂದು ಸಣ್ಣ ಕೋಣೆ, ಕರೆಂಟು, ಬ್ಯಾಟರಿ, ಜನರೇಟರ್ ಅಥವಾ ಸೋಲಾರ್, ತಣ್ಣಗಿಡುವ ವ್ಯವಸ್ಥೆ, ಬೀಗ, ಬೀಗದ ಕೈ ಇಟ್ಟುಕೊಂಡವನೊಬ್ಬ. ಕೊಟೇಶನ್ನಿನಲ್ಲಿ ಇದು ಒಂದೇ ಸಾಲು. ನಿಜದಲ್ಲಿ ನಡುರಾತ್ರಿ ಲಿಂಕ್ ಬಿದ್ದಾಗ ಎಲ್ಲ ಕಥೆಯೂ ಆ ಕೋಣೆಯದ್ದೇ. ಕೊನೆಗೆ ನೋಡಿದರೆ ಎಷ್ಟೋ ಸಲ ಫೈಬರಿಗೆ ಏನೂ ಆಗಿರುವುದಿಲ್ಲ, ಬ್ಯಾಟರಿ ಮುಗಿದಿರುತ್ತದೆ. ಹಾಗಾಗಿ ಮಾರುವವರನ್ನು ಕೇಳಿ: ನಿಮ್ಮ ದಾರಿಯಲ್ಲಿ ಈಗಾಗಲೇ ಕೋಣೆ ಎಲ್ಲಿದೆ, ಅದರಲ್ಲಿ ನಮಗೆ ಅರ್ಧ ರ‍್ಯಾಕ್ ಜಾಗ ಮತ್ತು ಕರೆಂಟ್ ಕೊಡುತ್ತೀರಾ? ಆ ಉತ್ತರ ಎಳೆಯ ಬೆಲೆಗಿಂತ ಮುಖ್ಯ.

ಎಳೆ ಕೊಳ್ಳುವ ಮುಂಚೆ ಓಟಿಡಿಆರ್ ಪರೀಕ್ಷೆಯ ಗ್ರಾಫ್ ನಿಮ್ಮ ಕಣ್ಣಿಂದ ನೋಡಿ. ಒಂದು ತುದಿಯಿಂದ ಬೆಳಕಿನ ಮಿಡಿತ ಬಿಟ್ಟು, ಹಿಂದಕ್ಕೆ ಚದುರಿ ಬರುವುದನ್ನು ಅಳೆಯುವ ಯಂತ್ರ ಅದು. ಗೆರೆ ಎಡದಿಂದ ಬಲಕ್ಕೆ ಮೆಲ್ಲಗೆ ಇಳಿಯುತ್ತಾ ಹೋಗಬೇಕು. ಜೋಡಣೆ ಇರುವಲ್ಲಿ ಕಂಡೂ ಕಾಣದಷ್ಟು ಸಣ್ಣ ಮೆಟ್ಟಿಲು. 63ನೇ ಕಿ.ಮೀ.ಯಲ್ಲಿ ಗೆರೆ ಇದ್ದಕ್ಕಿದ್ದ ಹಾಗೆ 1 ಡೆಸಿಬೆಲ್ ಧುಮುಕಿದರೆ ಅಲ್ಲಿ ಯಾರೋ ಅವಸರದಲ್ಲಿ ಜೋಡಿಸಿದ್ದಾರೆ, ಇಲ್ಲವೇ ಎಳೆ ಮಡಚಿ ಕೂತಿದೆ. ಎರಡೂ ತುದಿಯಿಂದ ಅಳೆಸಿ, ಎರಡು ತರಂಗಾಂತರದಲ್ಲಿ ಅಳೆಸಿ: 1310ರಲ್ಲಿ ಸರಿಯಿದ್ದು 1550ರಲ್ಲಿ ಧುಮುಕಿದರೆ ಅದು ಮಡಿಕೆಯ ಲಕ್ಷಣ. ಈ ಗ್ರಾಫ್ ಇಲ್ಲದೆ ಸಹಿ ಹಾಕುವುದು ನೀರಿನಲ್ಲಿರುವ ಎಮ್ಮೆಗೆ ವ್ಯಾಪಾರ ಮಾಡಿದ ಹಾಗೆ.

ಇನ್ನೊಂದು ಚಿಕ್ಕ ಮಾತು. ಎಳೆಯ ಒಳಗಿನ ಬೆಳಕಿನ ದಾರಿ 9 ಮೈಕ್ರಾನ್ ಅಗಲ. ಕನೆಕ್ಟರ್ ಮೇಲೆ ಕೂತ ಒಂದು ಧೂಳಿನ ಕಣ ಅದನ್ನು ಮುಚ್ಚಿಬಿಡಬಹುದು. ಸಿಕ್ಕಿಸುವ ಮುಂಚೆ ಪ್ರತಿ ಸಲ ಸ್ಕೋಪಿನಲ್ಲಿ ನೋಡಿ ಒರೆಸುವ ಅಭ್ಯಾಸ ಇರುವ ಒಬ್ಬ ತಂತ್ರಜ್ಞ, ಈ ಅಭ್ಯಾಸ ಇಲ್ಲದ ಮೂರು ಜನಕ್ಕಿಂತ ಮೇಲು.

ನೆಲ ನಾವೇ ಅಗೆದರೆ

ದಾರಿಯಲ್ಲಿ ಫೈಬರೇ ಇಲ್ಲದಿದ್ದರೆ? ಒಂದೇ ವಿಶ್ವವಿದ್ಯಾಲಯ 180 ಕಿ.ಮೀ. ಅಗೆಯುವುದು ಮೂಗಿಗಿಂತ ಮೂಗುತಿ ಭಾರ. ಕೊನೆಯ 5–10 ಕಿ.ಮೀ. ಅಗೆಯುವುದು ಬೇರೆ ಮಾತು, ಅದಕ್ಕೆ ಕಣ್ಣು ಮುಚ್ಚಿ ಹೂಂ ಅನ್ನಿ. ಆ ತುಂಡು ನಿಮ್ಮದಾದರೆ ಆಚೆ ಬದಿಯಲ್ಲಿ ಯಾವ ಕಂಪನಿಯನ್ನು ಬೇಕಾದರೂ ಬದಲಿಸಬಹುದು.

ಉದ್ದದ ದಾರಿಗೆ ಮೊದಲು ನೋಡಬೇಕಾದದ್ದು ಟೆಲಿಕಾಂ ಕಂಪನಿಗಳನ್ನಲ್ಲ. ವಿದ್ಯುತ್ ಪ್ರಸರಣ ಸಂಸ್ಥೆ, ರೈಲ್ವೆ, ಗ್ಯಾಸ್ ಪೈಪ್‌ಲೈನ್, ಹೆದ್ದಾರಿ. ಇವರೆಲ್ಲ ತಮ್ಮ ಕೆಲಸಕ್ಕೆಂದು ಫೈಬರ್ ಹಾಕಿಕೊಂಡಿರುತ್ತಾರೆ. ಹೈ ಟೆನ್ಶನ್ ಲೈನಿನ ನೆತ್ತಿಯ ಮೇಲೆ ಸಿಡಿಲು ತಡೆಯಲು ಒಂದು ತಂತಿ ಇರುತ್ತದಲ್ಲ, ಎಷ್ಟೋ ಕಡೆ ಅದರ ಹೊಟ್ಟೆಯೊಳಗೇ ಎಳೆಗಳಿರುತ್ತವೆ. ಅದಕ್ಕೆ ಒಪಿಜಿಡಬ್ಲ್ಯೂ ಅನ್ನುತ್ತಾರೆ. ಜೆಸಿಬಿ ಅದನ್ನು ಮುಟ್ಟುವುದಿಲ್ಲ, ಅದೇ ದೊಡ್ಡ ಲಾಭ. ಆದರೆ ಸಿಡಿಲು ಹೊಡೆದ ಕ್ಷಣದಲ್ಲಿ ಬೆಳಕಿನ ಧ್ರುವೀಕರಣ (ಅಲೆ ಕಂಪಿಸುವ ದಿಕ್ಕು) ತಟ್ಟನೆ ತಿರುಗುತ್ತದೆ, ಬೆಳಕು ಹಿಡಿಯುವ ಕೊಹೆರೆಂಟ್ ರಿಸೀವರ್ ಅದನ್ನು ಹಿಂಬಾಲಿಸಲಾಗದೆ ಕ್ಷಣಕಾಲ ತಪ್ಪಬಹುದು. ಟ್ರಾನ್ಸೀವರ್ ಕೊಳ್ಳುವಾಗ ಆಕಾಶದ ಕೇಬಲ್ಲಿಗೆ ಅಂತ ಮೊದಲೇ ಹೇಳಿ. ಇನ್ನೊಂದು ತೊಡಕು: ಅಂಥ ಕೇಬಲ್ ತುಂಡಾದರೆ ವಿದ್ಯುತ್ ಲೈನ್ ಬಂದ್ ಮಾಡದೆ ದುರಸ್ತಿ ಮಾಡಲಾಗುವುದಿಲ್ಲ. ಅದು ಅವರ ಅನುಕೂಲಕ್ಕೆ ತಕ್ಕಂತೆ ಆಗುತ್ತದೆ, ನಿಮ್ಮದಕ್ಕಲ್ಲ.

ಸರ್ಕಾರದ ಯೋಜನೆಗೆ ತಗುಲಿಕೊಳ್ಳುವುದು ಇನ್ನೊಂದು ದಾರಿ. ಆಸ್ಟ್ರೇಲಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಸರ್ಕಾರ 2009ರಲ್ಲಿ 25 ಕೋಟಿ ಆಸ್ಟ್ರೇಲಿಯನ್ ಡಾಲರ್ ಎತ್ತಿಟ್ಟು, ಒಂದೇ ಕಂಪನಿಯ ಫೈಬರ್ ಇದ್ದ ಊರುಗಳಿಗೆ ಎರಡನೇ ದಾರಿ ಹಾಕಿಸಿತು. ಸುಮಾರು 6,000 ಕಿ.ಮೀ. ಕೇಬಲ್. ಡಾರ್ವಿನ್, ಬ್ರೋಕನ್ ಹಿಲ್, ಜೆರಾಲ್ಡ್‌ಟನ್ ಅದರಲ್ಲಿ ಸೇರಿದ್ದವು. ಜೆರಾಲ್ಡ್‌ಟನ್ನಿನ ಒಳನಾಡಿನಲ್ಲಿ, ಪರ್ತ್ ನಗರದಿಂದ ಸುಮಾರು 800 ಕಿ.ಮೀ. ದೂರದ ಮರ್ಚಿಸನ್‌ನಲ್ಲಿ, 36 ಆಂಟೆನಾಗಳ ಆಸ್ಕಾಪ್ ರೇಡಿಯೊ ದೂರದರ್ಶಕ ಇದೆ. ಅದರ ಡೇಟಾ ಫೈಬರಿನಲ್ಲೇ ಪರ್ತ್‌ನ ಪಾಸಿ ಸೂಪರ್‌ಕಂಪ್ಯೂಟಿಂಗ್ ಕೇಂದ್ರಕ್ಕೆ ಹೋಗುತ್ತದೆ. ಸಾರ್ವಜನಿಕ ದುಡ್ಡಿನಲ್ಲಿ ಯಾರಾದರೂ ರಸ್ತೆ ಅಗೆಯುತ್ತಿದ್ದಾರೆ ಅಂದರೆ, ಗುಂಡಿ ಮುಚ್ಚುವ ಮುಂಚೆ ಹೋಗಿ "ನಮಗೂ ಒಂದು ಜೋಡಿ ಎಳೆ" ಅಂತ ಕೇಳಿ.

ಎಳೆ ಸಿಕ್ಕರೆ ಎಲ್ಲ ಸಿಕ್ಕಿತು ಅಂದುಕೊಳ್ಳಬಾರದು. ಅಮೆರಿಕದ ವಿಶ್ವವಿದ್ಯಾಲಯಗಳು ಸೇರಿ 2003ರಲ್ಲಿ ನ್ಯಾಷನಲ್ ಲ್ಯಾಂಬ್ಡಾರೈಲ್ ಕಟ್ಟಿದವು. ತಮ್ಮದೇ ಡಾರ್ಕ್ ಫೈಬರ್, ದೇಶದ ಉದ್ದಗಲಕ್ಕೆ ಸುಮಾರು 19,000 ಕಿ.ಮೀ. ತಾಂತ್ರಿಕವಾಗಿ ಚೆಂದದ ಕೆಲಸ. ಆದರೆ ಅದೇ ಕೆಲಸಕ್ಕೆ ಇಂಟರ್‌ನೆಟ್2 ಕೂಡ ಇತ್ತು, ಎರಡನ್ನೂ ಒಂದು ಮಾಡುವ ಮಾತುಕತೆ ನಡೆದು ಮುರಿದುಬಿತ್ತು. 2011ರಲ್ಲಿ ಅದು ಒಬ್ಬ ಖಾಸಗಿ ಉದ್ಯಮಿಯ ಕೈಗೆ ಹೋಯಿತು, 2014ರಲ್ಲಿ ಮುಚ್ಚಿತು. ಅಕ್ಕಪಕ್ಕದ ವಿಶ್ವವಿದ್ಯಾಲಯಗಳು ಸೇರಿ ಕೂಟ ಕಟ್ಟುವುದಾದರೆ ಎಷ್ಟು ಎಳೆ ಅನ್ನುವುದಕ್ಕಿಂತ ಮೊದಲು ಇದನ್ನು ಬರೆದಿಡಿ: ಎಂಟನೇ ವರ್ಷ ಪೆಟ್ಟಿಗೆ ಬದಲಿಸುವಾಗ ಯಾರು ಎಷ್ಟು ಹಾಕಬೇಕು, ಒಬ್ಬರು ಹೊರಹೋದರೆ ಅವರ ಪಾಲು ಯಾರಿಗೆ.

ಎರಡನೇ ದಾರಿ

ಒಂದೇ ದಾರಿ ಇರುವ ಕ್ಯಾಂಪಸ್ಸು ವರ್ಷಕ್ಕೊಮ್ಮೆಯಾದರೂ ಕತ್ತಲಲ್ಲಿ ಕೂರುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ. ರಸ್ತೆ ಅಗಲ ಮಾಡುತ್ತಾರೆ, ಮೋರಿ ತೋಡುತ್ತಾರೆ, ನೆರೆ ಬರುತ್ತದೆ.

ಇಲ್ಲಿ ಜನ ಮಾಡುವ ತಪ್ಪು, ಎರಡು ಕಂಪನಿ ಅಂದರೆ ಎರಡು ದಾರಿ ಅಂದುಕೊಳ್ಳುವುದು. ನಾನು ಕೂತಿದ್ದ ಒಂದು ಸಭೆಯಲ್ಲಿ ಎರಡು ಕಂಪನಿಗಳ ನಕ್ಷೆಯನ್ನು ಒಂದರ ಮೇಲೊಂದು ಇಟ್ಟು ನೋಡಿದೆವು. 150 ಕಿ.ಮೀ. ಬೇರೆ ಬೇರೆ. ಒಂದು ನದಿಯ ಹತ್ತಿರ ಬಂದಾಗ ಎರಡೂ ಗೆರೆ ಒಂದಾದವು. ಅಲ್ಲಿದ್ದದ್ದು ಒಂದೇ ಸೇತುವೆ. ಎರಡು ಕಂಪನಿಯ ಕೇಬಲ್ಲೂ ಅದರ ಪಕ್ಕದ ಒಂದೇ ಪೈಪಿನಲ್ಲಿ ಹೋಗಿದ್ದವು. ಎರಡು ಬಿಲ್ಲು ಕಟ್ಟಿ ಒಂದು ದಾರಿ ಕೊಳ್ಳುವುದರಲ್ಲಿದ್ದೆವು. ಆಮೇಲೆ ಎರಡನೆಯದನ್ನು ಪೂರ್ತಿ ಬೇರೆ ದಿಕ್ಕಿನಿಂದ ತಂದೆವು, ಉದ್ದ ಜಾಸ್ತಿಯಾಯಿತು, ಪರವಾಗಿಲ್ಲ.

ಎರಡನೇ ದಾರಿ ಮೊದಲನೆಯದರಷ್ಟೇ ವೇಗ ಇರಬೇಕಿಲ್ಲ. ಮೊದಲನೆಯದು ಡಾರ್ಕ್ ಫೈಬರಿನಲ್ಲಿ 100 ಗಿಗಾಬಿಟ್, ಎರಡನೆಯದು ಬಾಡಿಗೆಯ 1 ಅಥವಾ 10 ಗಿಗಾಬಿಟ್: ಇದು ನನ್ನ ಮೆಚ್ಚಿನ ಜೋಡಿ. ಫೈಬರಿನ ಎರಡನೇ ದಾರಿ ಸಿಗದೇ ಹೋದರೆ ಮೈಕ್ರೋವೇವ್ ಇದೆ, ಕೆಳ ಕಕ್ಷೆಯ ಉಪಗ್ರಹವೂ ಇದೆ. ಪಾಠ, ಪರೀಕ್ಷೆ, ಇಮೇಲ್ ನಿಲ್ಲದ ಹಾಗೆ ನೋಡಿಕೊಳ್ಳುತ್ತವೆ. ದೊಡ್ಡ ಡೇಟಾ ಎರಡು ದಿನ ಕಾಯಲಿ.

ಗೇಟಿನ ಒಳಗೆ

100 ಗಿಗಾಬಿಟ್ ಗೇಟಿನ ತನಕ ಬಂದು, ಒಳಗೆ ಬಂದ ಮೇಲೆ ಸಾಯುವುದು ಮಾಮೂಲಿ. ಸಾಯಿಸುವುದು ಹೆಚ್ಚಾಗಿ ಒಳಬರುವ ಡೇಟಾವನ್ನು ತಪಾಸಣೆ ಮಾಡುವ ಕಾವಲು ಸಾಧನ, ಅಂದರೆ ಫೈರ್‌ವಾಲ್. ಅದು ಸಾವಿರಾರು ಸಣ್ಣ ಹರಿವುಗಳಿಗೆ ಅಂತ ಮಾಡಿದ್ದು. ಒಂದೇ ದೊಡ್ಡ ಹರಿವು ಬಂದಾಗ ಒಳಗಿನ ಒಂದು ಪ್ರೊಸೆಸರ್ ತುಂಬಿ ಪ್ಯಾಕೆಟ್ ಚೆಲ್ಲುತ್ತದೆ. ಆ 22,000ಕ್ಕೊಂದರ ಕಥೆ ಮತ್ತೆ ಶುರು.

ಇದಕ್ಕೆ ಇಎಸ್‌ನೆಟ್‌ನವರು ಕಂಡುಕೊಂಡ ಉಪಾಯ ಸೈನ್ಸ್ ಡಿಎಂಝಡ್. ಕ್ಯಾಂಪಸ್ಸಿನ ಅಂಚಿನಲ್ಲೇ ಡೇಟಾ ಸಾಗಿಸುವ ಒಂದೆರಡು ಸರ್ವರ್ ಇಟ್ಟು, ಅವುಗಳಿಗೆ ದೊಡ್ಡ ಫೈರ್‌ವಾಲ್ ಬದಲು ರೂಟರಿನಲ್ಲೇ ಬಿಗಿಯಾದ ಪ್ರವೇಶ ಪಟ್ಟಿ ಹಾಕುವುದು. ಅಲ್ಲಿ ಇಮೇಲ್ ಇಲ್ಲ, ಬ್ರೌಸರ್ ಇಲ್ಲ, ಡೇಟಾ ಸಾಗಿಸುವುದು ಬಿಟ್ಟು ಬೇರೆ ಕೆಲಸವೇ ಇಲ್ಲ. ಜೊತೆಗೆ ಪರ್ಫ್‌ಸೋನಾರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದ ಒಂದು ಯಂತ್ರ. ಅದು ಹಗಲೂ ರಾತ್ರಿ ಬೇರೆ ಸಂಸ್ಥೆಗಳ ಯಂತ್ರಗಳ ಜೊತೆ ವೇಗ, ತಡ, ನಷ್ಟ ಅಳೆಯುತ್ತಿರುತ್ತದೆ.

ಸರ್ವರಿನ ಸೆಟ್ಟಿಂಗೂ ನೋಡಿ. ಹೋಗಿ ಬರಲು 40 ಮಿಲಿಸೆಕೆಂಡ್ ಬೇಕಾದಷ್ಟು ದೂರದ ಕಡೆಗೆ 10 ಗಿಗಾಬಿಟ್ ತುಂಬಿಸಬೇಕಾದರೆ ದಾರಿಯಲ್ಲಿ ಯಾವಾಗಲೂ 50 ಮೆಗಾಬೈಟ್ ಡೇಟಾ ಹರಿಯುತ್ತಿರಬೇಕು. ಹಳೆಯ ಟಿಸಿಪಿಯ ಹಾಗೆ 64 ಕಿಲೋಬೈಟಿಗೇ ವಿಂಡೊ (ತಲುಪಿತು ಅನ್ನುವ ಉತ್ತರ ಬರುವ ಮುಂಚೆ ಕಳಿಸಬಹುದಾದ ಡೇಟಾ) ನಿಂತರೆ ಸಿಗುವುದು 13 ಮೆಗಾಬಿಟ್. ಫೈಬರಿಗೆ ಎಷ್ಟೇ ಸುರಿದರೂ ಅಷ್ಟೇ.

ಯಾರಿಗೆ ಯಾವುದು

ಪಾಠವೇ ಮುಖ್ಯ, ಸಂಶೋಧನೆ ಕಡಿಮೆ, ನೆಟ್‌ವರ್ಕಿಗೆ ಇರುವುದು ಇಬ್ಬರೇ ಅಂದರೆ ಬಾಡಿಗೆ ಬ್ಯಾಂಡ್‌ವಿಡ್ತ್ ತಗೊಳ್ಳಿ. ಸಂಶೋಧನಾ ಜಾಲದ ಮೂಲಕವೇ ಬರಲಿ, ಅವಧಿ ಎರಡು ವರ್ಷಕ್ಕೆ ಮೀರದಿರಲಿ.

ಒಂದೆರಡು ಲ್ಯಾಬು ದೊಡ್ಡ ಡೇಟಾ ಹುಟ್ಟಿಸುತ್ತಿದ್ದು, ನಡುವಿನ ದಾರಿ ನೂರಾರು ಕಿ.ಮೀ. ಇದ್ದು, ನಾಲ್ಕೈದು ಆಂಪ್ಲಿಫೈಯರ್ ಕೋಣೆ ಬೇಕಾಗುವ ಹಾಗಿದ್ದರೆ ಬೆಳಕಿನ ಪಾಲು ಕೇಳಿ. ಕೊಡುವವರಿದ್ದರೆ ಅದನ್ನೇ ಹಿಡಿಯಿರಿ. ಕೊಡುವವರಿಲ್ಲದಿದ್ದರೆ ವೇವ್‌ಲೆಂತ್. ಆದರೆ ಸಹಿ ಹಾಕುವ ದಿನವೇ 100 ಗಿಗಾಬಿಟ್‌ನ ದರವನ್ನೂ, ಅದಕ್ಕೆ ಬದಲಿಸುವ ಹಕ್ಕನ್ನೂ ಬರೆಸಿಕೊಳ್ಳಿ. ಸಹಿಯಾದ ಮೇಲೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

100 ಕಿ.ಮೀ. ಒಳಗೆ ನೋಡ್ ಇದ್ದರೆ ಡಾರ್ಕ್ ಫೈಬರ್ ಬಿಟ್ಟು ಬೇರೆ ಯೋಚನೆ ಮಾಡಲು ನನಗೆ ಕಾರಣವೇ ಕಾಣುವುದಿಲ್ಲ. 200–300 ಕಿ.ಮೀ. ಆದರೂ, ಅದೇ ದಾರಿಯಲ್ಲಿ ಇನ್ನೊಂದು ವಿಶ್ವವಿದ್ಯಾಲಯವೋ, ಬೋಧನಾ ಆಸ್ಪತ್ರೆಯೋ, ಕೃಷಿ ಸಂಶೋಧನಾ ಕೇಂದ್ರವೋ ಇದ್ದರೆ ಸೇರಿ ಕೊಳ್ಳಿ. ಒಂದು ಜೋಡಿ ಎಳೆಯಲ್ಲಿ 80 ಚಾನೆಲ್ ಹಿಡಿಸುವಾಗ ಮೂರು ಸಂಸ್ಥೆ ಹಂಚಿಕೊಂಡರೆ ಯಾರಿಗೂ ಕೊರತೆಯಿಲ್ಲ.

ಸಹಿ ಹಾಕುವ ಮುಂಚೆ ಕೈಯಲ್ಲಿ ಇರಬೇಕಾದ ಕಾಗದಗಳು: ಕೇಬಲ್ ಹೋಗುವ ದಾರಿಯ ನಿಜವಾದ ನಕ್ಷೆ, ಪ್ರತಿ ತುಂಡಿನ ಓಟಿಡಿಆರ್ ಗ್ರಾಫ್, ಕೋಣೆಗಳ ಪಟ್ಟಿ ಮತ್ತು ಅಲ್ಲಿನ ಬ್ಯಾಟರಿ ಎಷ್ಟು ಗಂಟೆ ಅನ್ನುವುದು, ತುಂಡಾದರೆ ಎಷ್ಟು ಗಂಟೆಯಲ್ಲಿ ಜೋಡಿಸುತ್ತಾರೆ ಅನ್ನುವ ಮಾತು, ದುರಸ್ತಿಯ ಗಾಡಿ ಯಾವ ಊರಿನಲ್ಲಿ ನಿಂತಿರುತ್ತದೆ ಅನ್ನುವುದು. ಕೊನೆಯದನ್ನು ಯಾರೂ ಕೇಳುವುದಿಲ್ಲ. ಆರು ಗಂಟೆಯಲ್ಲಿ ಜೋಡಿಸುತ್ತೇವೆ ಅಂತ ಬರೆದುಕೊಟ್ಟವರ ಗಾಡಿ ಐದು ಗಂಟೆ ದೂರದಲ್ಲಿ ನಿಂತಿದ್ದರೆ ಆ ಕಾಗದವನ್ನು ಅಲ್ಲೇ ಅವರ ಮುಂದಿಟ್ಟು ಇನ್ನೊಮ್ಮೆ ಮಾತಾಡಿ.